ಕರ್ನಲ್‌ನೊಳಗಿನ ಗಡಿಯಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಜವಳಿ ಯಂತ್ರಗಳಿಗೆ ನಾವು ಜೋಡಿಸುವ ನಿಯಂತ್ರಣ ಪೆಟ್ಟಿಗೆಯಲ್ಲಿ 32 ಬಿಟ್ ಲಿನಕ್ಸ್ ನಡೆಯುತ್ತದೆ. ಸೆನ್ಸರಿನೊಡನೆ ವ್ಯವಹರಿಸುವ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ನಾವೇ ಬರೆದಿದ್ದೇವೆ. ಐವತ್ತು ದಿನ ತುಂಬುವ ಹೊತ್ತಿಗೆ ಸೆನ್ಸರಿನಿಂದ ಮಾಹಿತಿ ಬರುವುದು ನಿಂತುಬಿಡುತ್ತದೆ. ಪೆಟ್ಟಿಗೆಯನ್ನು ಆರಿಸಿ ಹಾಕಿದರೆ ಮತ್ತೆ ಅಷ್ಟೇ ದಿನ ತೊಂದರೆಯಿಲ್ಲ. ಲಾಗ್‌ನಲ್ಲಿ ಏನೂ ಸಿಗುತ್ತಿಲ್ಲ. ಇದನ್ನು ಪತ್ತೆ ಹಚ್ಚುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಎಷ್ಟು ದಿನಕ್ಕೆ ನಿಲ್ಲುತ್ತದೆ ಎಂಬುದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ಕಾಲಗಣನೆಯ ದೋಷಗಳಲ್ಲಿ ಆ ಅಂಕಿಯೇ ಮೊದಲ ಸಾಕ್ಷಿ. 32 ಬಿಟ್‌ನ ಎಣಿಕೆ 4,29,49,67,295ರವರೆಗೆ ಹೋಗಿ, ಸ್ಕೂಟರಿನ ಹಳೆಯ ಮೀಟರಿನಂತೆ, ಮತ್ತೆ ಸೊನ್ನೆಗೆ ಮರಳುತ್ತದೆ. ಆ ಎಣಿಕೆ ಮಿಲಿಸೆಕೆಂಡುಗಳದ್ದಾದರೆ ಒಂದು ಸುತ್ತಿಗೆ ಹಿಡಿಯುವ ಕಾಲ 49 ದಿನ 17 ಗಂಟೆ. ವಿಂಡೋಸ್ 95 ಮತ್ತು 98 ಇದೇ ಅವಧಿಗೆ ಸ್ತಬ್ಧವಾಗುತ್ತಿದ್ದುದು ಹಳಬರಿಗೆ ನೆನಪಿರಬಹುದು. ನಿಮ್ಮ ಯಂತ್ರ 208 ದಿನಗಳಿಗೆ ನಿಲ್ಲುತ್ತಿದ್ದರೆ ನಾನು ಬೇರೆಡೆ ಹುಡುಕಲು ಹೇಳುತ್ತಿದ್ದೆ: ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರುಗಳ) ಲಿನಕ್ಸ್‌ನಲ್ಲಿ ಪ್ರೊಸೆಸರಿನ ಸೈಕಲ್‌ಗಳನ್ನು ನ್ಯಾನೋಸೆಕೆಂಡಿಗೆ ಪರಿವರ್ತಿಸುವಾಗ ಗುಣಲಬ್ಧವು 64 ಬಿಟ್ ಮೀರಿ ಹೋಗುತ್ತಿದ್ದ ದೋಷವೊಂದು 2011ರಲ್ಲಿ ಸರಿಯಾಗುವವರೆಗೂ ಇತ್ತು, ಮತ್ತು ಅದು ಕಾಣಿಸಿಕೊಳ್ಳುತ್ತಿದ್ದುದು ಎರಡರ 54ನೆಯ ಘಾತದಷ್ಟು ನ್ಯಾನೋಸೆಕೆಂಡುಗಳಿಗೆ, ಅಂದರೆ ಸುಮಾರು 208.5 ದಿನಗಳಿಗೆ.

ಈಗ ನಿಮ್ಮ ಡ್ರೈವರಿಗೆ ಬರೋಣ. ಅದರಲ್ಲಿ 'ಈಗಿನ ಎಣಿಕೆ ಗಡುವಿಗೆ ಸಮ ಅಥವಾ ಅದಕ್ಕಿಂತ ದೊಡ್ಡದೇ' ಎಂದು ನೇರವಾಗಿ ಹೋಲಿಸುವ ಸಾಲು ಇದೆಯೇ ನೋಡಿ. ಗಡುವು 4,29,49,67,295 ಆಗಿದ್ದು, ಪರೀಕ್ಷಿಸುವ ಹೊತ್ತಿಗೆ ಎಣಿಕೆ ಸುತ್ತಿ ಬಂದು 5 ಆಗಿದೆ ಎಂದುಕೊಳ್ಳಿ. ನಿಜಕ್ಕೂ ಗಡುವು ಮುಗಿದು ಆರು ಮಿಲಿಸೆಕೆಂಡು ಕಳೆದಿದೆ. ಆದರೆ 5 ಚಿಕ್ಕ ಸಂಖ್ಯೆಯಾದ್ದರಿಂದ ಡ್ರೈವರ್ ಇನ್ನೂ ಸುಮಾರು ಐವತ್ತು ದಿನ ಕಾಯುತ್ತ ಕೂರುತ್ತದೆ. ಕಾಯುವುದು ತಪ್ಪಲ್ಲವಾದ್ದರಿಂದ ಲಾಗ್‌ನಲ್ಲಿ ಏನೂ ದಾಖಲಾಗುವುದಿಲ್ಲ. ಸರಿಯಾದ ಕ್ರಮವೆಂದರೆ ಎರಡನ್ನೂ 32 ಬಿಟ್‌ನಲ್ಲೇ ಕಳೆದು, ಬಂದ ವ್ಯತ್ಯಾಸವನ್ನು ಚಿಹ್ನೆಸಹಿತ ಸಂಖ್ಯೆಯಾಗಿ ನೋಡುವುದು. ಆಗ 5ರಿಂದ ಆ ದೊಡ್ಡ ಸಂಖ್ಯೆಯನ್ನು ಕಳೆದರೂ ಉತ್ತರ 6 ಎಂದೇ ಬರುತ್ತದೆ. ಲಿನಕ್ಸ್‌ನ 'ಟೈಮ್ ಆಫ್ಟರ್' ಎಂಬ ಮ್ಯಾಕ್ರೋ (ಸಿದ್ಧ ಕೋಡಿನ ತುಣುಕು) ಮಾಡುವುದು ಇದನ್ನೇ. ಗಡುವು ಅರ್ಧ ಸುತ್ತಿಗಿಂತ, ಅಂದರೆ 24 ದಿನಕ್ಕಿಂತ, ದೂರವಿರಬಾರದು ಎಂಬ ಷರತ್ತು ಮಾತ್ರ ಇದೆ.

ಆದರೂ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, 'ಜಿಫೀಸ್' ಎಂಬ ಗಡಿಯಾರದ ಮಿಡಿತಗಳ ಎಣಿಕೆಯ ಮೇಲೆ ನನ್ನ ಮೊದಲ ಅನುಮಾನವಿಲ್ಲ. ಲಿನಕ್ಸ್ ಅಭಿವೃದ್ಧಿಪಡಿಸಿದವರು ಜಿಫೀಸನ್ನು ಸೊನ್ನೆಯಿಂದ ಆರಂಭಿಸದೆ, ಯಂತ್ರ ಎದ್ದ ಐದೇ ನಿಮಿಷಕ್ಕೆ ಸುತ್ತು ಮುಗಿಯುವಂಥ ಬೆಲೆಯಿಂದ ಆರಂಭಿಸಿದ್ದಾರೆ. ಗ್ರಾಹಕರ ಅಂಗಳದಲ್ಲಿ ಎಂದೋ ಒಮ್ಮೆ ಸಿಡಿಯಬೇಕಾದ ದೋಷವನ್ನು ಬರೆದವರ ಮೇಜಿನ ಮೇಲೆಯೇ, ಪ್ರತಿ ಬಾರಿಯೂ, ಕಾಣಿಸುವ ಈ ಏರ್ಪಾಟು ನನಗೆ ಅಪಾರ ಮೆಚ್ಚುಗೆಯಾದದ್ದು. ನಿಮ್ಮ ಪೆಟ್ಟಿಗೆ ಐದನೆಯ ನಿಮಿಷವನ್ನು ಆರಾಮವಾಗಿ ದಾಟಿ ಐವತ್ತನೆಯ ದಿನ ನಿಲ್ಲುತ್ತಿದೆಯೆಂದರೆ, ಸೊನ್ನೆಯಿಂದ ಶುರುವಾಗುವ ಬೇರೊಂದು ಮಿಲಿಸೆಕೆಂಡ್ ಎಣಿಕೆಯೇ ಬಹುಶಃ ಕಾರಣ: ಒಂದೋ ಕರ್ನಲ್‌ನಿಂದ 64 ಬಿಟ್ ಸಮಯ ಪಡೆದು ನೀವು 32 ಬಿಟ್‌ಗೆ ಕತ್ತರಿಸಿಕೊಂಡ ಚರ, ಇಲ್ಲವೇ ಸೆನ್ಸರಿನೊಳಗೇ ಅಡಕವಾಗಿರುವ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ಎಣಿಕೆ. ಪೆಟ್ಟಿಗೆಯನ್ನು ಮುಟ್ಟದೆ ಸೆನ್ಸರನ್ನು ಮಾತ್ರ ಆರಿಸಿ ಹಾಕಿ ನೋಡಿ; ಅದರಿಂದಲೇ ಸರಿಹೋದರೆ ಫರ್ಮ್‌ವೇರ್ ಕಡೆಗೆ ತಿರುಗಿ. ಡ್ರೈವರೇ ಆದರೆ, ಪರೀಕ್ಷೆಯ ಪ್ರತಿಯಲ್ಲಿ ಆ ಚರವನ್ನು ಗರಿಷ್ಠ ಎಣಿಕೆಗಿಂತ ಮೂರು ಲಕ್ಷ ಕಡಿಮೆ ಬೆಲೆಯಿಂದ ಆರಂಭಿಸಿ. ಐವತ್ತು ದಿನ ಕಾಯುವ ಬದಲು ಐದು ನಿಮಿಷದಲ್ಲಿ ದೋಷ ನಿಮ್ಮೆದುರು ಇರುತ್ತದೆ.

ಪ್ರಶ್ನೆ: 2012ರ ಜುಲೈ 1ರ ಬೆಳಗಿನ ಜಾವ ನಾನು ಕೆಲಸ ಮಾಡುತ್ತಿದ್ದ ಕಡೆ ಹಲವು ಲಿನಕ್ಸ್ ಸರ್ವರುಗಳ ಪ್ರೊಸೆಸರ್ ಬಳಕೆ ಏಕಾಏಕಿ ನೂರು ಪ್ರತಿಶತಕ್ಕೆ ಏರಿತ್ತು. 'ದಿನಾಂಕವನ್ನು ಇದ್ದ ಹಾಗೆಯೇ ಮತ್ತೊಮ್ಮೆ ಹೊಂದಿಸಿ' ಎಂದರು. ಹಾಗೆ ಮಾಡಿದೊಡನೆ ಇಳಿಯಿತು. ಲೀಪ್ ಸೆಕೆಂಡ್ ಕಾರಣವೆಂದು ಕೇಳಿದೆ, ಆದರೆ ಒಂದೇ ಒಂದು ಸೆಕೆಂಡಿಗೆ ಅಷ್ಟು ಗದ್ದಲವೇಕಾಯಿತೆಂದು ತಿಳಿಯಲಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಜೂನ್ 30ರ ಮಧ್ಯರಾತ್ರಿ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ, ಲೀಪ್ ಸೆಕೆಂಡ್ ಎಂಬ ಒಂದು ಹೆಚ್ಚುವರಿ ಸೆಕೆಂಡನ್ನು ಸೇರಿಸಲಾಯಿತು, ನಮ್ಮಲ್ಲಿ ಆಗ ಭಾನುವಾರ ಬೆಳಗಿನ ಐದೂವರೆ. ರೆಡಿಟ್, ಮೊಝಿಲ್ಲಾ ಮುಂತಾದ ಕಡೆಗಳಲ್ಲೂ ಅದೇ ಹೊತ್ತಿಗೆ ತೊಂದರೆಯಾಯಿತು.

ಕರ್ನಲ್‌ನಲ್ಲಿ ಗಡಿಯಾರ ಒಂದೇ ಅಲ್ಲ. ಗೋಡೆ ಗಡಿಯಾರದ ಸಮಯವನ್ನು ಹೇಳುವ 'ರಿಯಲ್‌ಟೈಮ್' ಒಂದು; ಹಿಂದಕ್ಕೆ ಸರಿಯದೆ ಮುಂದಕ್ಕಷ್ಟೇ ಸಾಗುವ 'ಮೊನೊಟಾನಿಕ್' ಇನ್ನೊಂದು. ಇವೆರಡರ ನಡುವಿನ ಅಂತರದ ಒಂದು ನಕಲನ್ನು, ಸೂಕ್ಷ್ಮ ಗಡುವುಗಳನ್ನು ನೋಡಿಕೊಳ್ಳುವ ಹೈ ರೆಸಲ್ಯೂಷನ್ ಟೈಮರ್ ವಿಭಾಗ ತನ್ನ ಬಳಿಯೂ ಇಟ್ಟುಕೊಳ್ಳುತ್ತದೆ. ಆಡಳಿತಗಾರರು ದಿನಾಂಕ ಬದಲಿಸಿದಾಗ 'ಗಡಿಯಾರ ಬದಲಾಗಿದೆ' ಎಂಬ ಸೂಚನೆ ಆ ವಿಭಾಗಕ್ಕೆ ಹೋಗುತ್ತದೆ. ಲೀಪ್ ಸೆಕೆಂಡ್ ಸೇರಿಸುವಾಗ ಕರ್ನಲ್ ಸಮಯವನ್ನು ಒಂದು ಸೆಕೆಂಡ್ ಹಿಂದಕ್ಕೆ ಸರಿಸಿತು, ಆದರೆ ಆ ಸೂಚನೆಯನ್ನು ಕಳುಹಿಸಲಿಲ್ಲ. ಹೀಗಾಗಿ ಟೈಮರ್ ವಿಭಾಗದ ಲೆಕ್ಕ ಒಂದು ಸೆಕೆಂಡ್ ಮುಂದೆಯೇ ಉಳಿಯಿತು. ಅರ್ಧ ಸೆಕೆಂಡ್ ಕಾದು ಎಬ್ಬಿಸು ಎಂದು ರಿಯಲ್‌ಟೈಮ್ ಗಡಿಯಾರದ ಮೇಲೆ ಗಡುವಿಟ್ಟ ಪ್ರೋಗ್ರಾಮಿಗೆ, ಗಡುವು ಆಗಲೇ ಮುಗಿದಿದೆ ಎಂಬ ಉತ್ತರ ತಕ್ಷಣ ಬರುತ್ತಿತ್ತು. ಅದು ಮತ್ತೆ ಕೇಳಿತು, ಮತ್ತೆ ಅದೇ ಉತ್ತರ. ಜಾವಾ ಮತ್ತು ಮೈಎಸ್‌ಕ್ಯೂಎಲ್‌ನಂಥವು ಹೀಗೆ ಬಿಡುವಿಲ್ಲದೆ ಸುತ್ತತೊಡಗಿದವು. ನೀವು ದಿನಾಂಕ ಹೊಂದಿಸಿದಾಗ ತಪ್ಪಿಹೋಗಿದ್ದ ಸೂಚನೆ ತಲುಪಿತು, ಅಷ್ಟೇ.

ಇದನ್ನು ಸರಿಪಡಿಸುವುದೂ ಸುಲಭವಿರಲಿಲ್ಲ, ಏಕೆಂದರೆ ಆ ಸೂಚನೆ ಎಲ್ಲ ಪ್ರೊಸೆಸರುಗಳಿಗೂ ಹೋಗಬೇಕು, ಮತ್ತು ಲೀಪ್ ಸೆಕೆಂಡಿನ ಕೆಲಸ ನಡೆಯುವ ಇಂಟರಪ್ಟ್‌ನ (ಪ್ರೊಸೆಸರಿನ ಕೆಲಸವನ್ನು ತಡೆದು ನಡೆಯುವ ತುರ್ತು ಕೆಲಸದ) ಒಳಗಿನಿಂದ ಹಾಗೆ ಎಲ್ಲರನ್ನೂ ಕರೆಯುವಂತಿಲ್ಲ. ಆದ್ದರಿಂದ ಸೂಚನೆಯನ್ನು ಸ್ವಲ್ಪ ತಡೆದು ಕಳುಹಿಸುವ ದಾರಿ ಮಾಡಬೇಕಾಯಿತು. 1972ರಿಂದ ಇಲ್ಲಿಯವರೆಗೆ ಸೇರಿಸಲಾದ ಲೀಪ್ ಸೆಕೆಂಡುಗಳು 27 ಮಾತ್ರ. ಇಷ್ಟು ವಿರಳವಾಗಿ ನಡೆಯುವ ಕೋಡನ್ನು ನೈಜ ಸಂದರ್ಭಕ್ಕಾಗಿ ಕಾದು ಪರೀಕ್ಷಿಸುವುದು ಎಂದಿಗೂ ಸಾಲದು. ಪರೀಕ್ಷಾ ಯಂತ್ರದ ಸಮಯವನ್ನು ಯುಟಿಸಿ ಮಧ್ಯರಾತ್ರಿಗೆ ಹತ್ತು ಸೆಕೆಂಡ್ ಮುಂಚೆಗೆ ಹೊಂದಿಸಿ, ಲೀಪ್ ಸೆಕೆಂಡ್ ಬರಲಿದೆ ಎಂದು ಕರ್ನಲ್‌ಗೆ ತಿಳಿಸಿ, ಆಮೇಲೆ ಏನಾಗುತ್ತದೆಂದು ನೋಡುವ 'ಲೀಪ್ ಎ ಡೇ' ಎಂಬ ಪರೀಕ್ಷೆ ಈಗ ಕರ್ನಲ್ ಮೂಲದಲ್ಲೇ ಇದೆ. ನಿಮ್ಮ ಸ್ವಂತ ಪ್ರೋಗ್ರಾಮುಗಳಲ್ಲಿ ಕಾಯುವ ಅವಧಿಗಳನ್ನು ದಯವಿಟ್ಟು ಮೊನೊಟಾನಿಕ್ ಗಡಿಯಾರದಿಂದಲೇ ಅಳೆಯಿರಿ.

ಪ್ರಶ್ನೆ: ಹಳೆಯ ಸರ್ವರಿನ ಕರ್ನಲ್ ಲಾಗ್‌ನಲ್ಲಿ ಟಿಎಸ್‌ಸಿ ಅಸ್ಥಿರವಾಗಿದೆ ಎಂಬ ಸಾಲು ಕಂಡಿತು. ಅಂದಿನಿಂದ ಡೇಟಾಬೇಸ್ ನಿಧಾನವಾಗಿದೆ. ಸಂಬಂಧವಿದೆಯೇ?
– ಓದುಗರು, ಮಂಗಳೂರು

ಉತ್ತರ: ಇರುವ ಸಾಧ್ಯತೆಯೇ ಹೆಚ್ಚು. ಟಿಎಸ್‌ಸಿ (ಟೈಮ್ ಸ್ಟ್ಯಾಂಪ್ ಕೌಂಟರ್) ಪ್ರೊಸೆಸರಿನೊಳಗಿನ ಎಣಿಕೆಯಾದ್ದರಿಂದ ಕರ್ನಲ್‌ಗೆ ಹೋಗದೆಯೇ ಅದನ್ನು ಓದಬಹುದು. ಇನ್ನೊಂದು ಗಡಿಯಾರದೊಡನೆ ತಾಳೆ ನೋಡಿದಾಗ ಅಂತರ ಹೆಚ್ಚೆನಿಸಿದರೆ ಕರ್ನಲ್ ಅದನ್ನು ಕೈಬಿಟ್ಟು ಸಾಮಾನ್ಯವಾಗಿ ಎಚ್‌ಪಿಇಟಿ ಎಂಬ ಇನ್ನೊಂದು ಗಡಿಯಾರಕ್ಕೆ ಹೋಗುತ್ತದೆ; ಅದು ಪ್ರೊಸೆಸರಿನ ಹೊರಗಿರುವುದರಿಂದ ಪ್ರತಿ ಬಾರಿ ಸಮಯ ಕೇಳುವುದೂ ದುಬಾರಿಯಾಗುತ್ತದೆ, ಮತ್ತು ಡೇಟಾಬೇಸುಗಳು ಸಮಯವನ್ನು ಪದೇ ಪದೇ ಕೇಳುತ್ತವೆ. ಈಗ ಬಳಕೆಯಲ್ಲಿರುವ ಮೂಲ ಯಾವುದೆಂದು ಕರ್ನಲ್ ತನ್ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಕ್ಲಾಕ್‌ಸೋರ್ಸ್ ವಿಭಾಗದಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಬೂಟ್ ಆಯ್ಕೆಯಲ್ಲಿ ಟಿಎಸ್‌ಸಿಯನ್ನು ನಂಬಲೇಬೇಕೆಂದು ಬರೆಯುವ ಸಲಹೆಯನ್ನು ಹಲವರು ಕೊಡುತ್ತಾರೆ. ಕಾರಣ ತಿಳಿಯುವ ಮೊದಲು ಹಾಗೆ ಮಾಡಬೇಡಿ. ಪ್ರೊಸೆಸರ್ ಮಾಹಿತಿಯಲ್ಲಿ 'ಕಾನ್‌ಸ್ಟಂಟ್' ಮತ್ತು 'ನಾನ್‌ಸ್ಟಾಪ್' ಟಿಎಸ್‌ಸಿ ಗುರುತುಗಳಿಲ್ಲದಿದ್ದರೆ, ವೇಗ ಬದಲಾದಾಗ ಅಥವಾ ಪ್ರೊಸೆಸರ್ ಆಳವಾದ ವಿಶ್ರಾಂತಿಗೆ ಹೋದಾಗ ಎಣಿಕೆ ನಿಜಕ್ಕೂ ತಪ್ಪುತ್ತಿರಬಹುದು, ಆಗ ಕರ್ನಲ್‌ನ ತೀರ್ಮಾನವೇ ಸರಿ. ಎರಡೂ ಗುರುತುಗಳಿದ್ದರೆ ಮೊದಲು ಬಯಾಸ್ ಅನ್ನು ಹೊಸ ಆವೃತ್ತಿಗೆ ಏರಿಸಿ, ಅದೇ ಸಾಲು ಮತ್ತೆ ಬರುತ್ತದೆಯೇ ನೋಡಿ.