ನೆಟ್ಟಗೆ ಕೂರಿಸುವ ಹಟ

ಶಾಲೆ ಆರಂಭವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಹಾಸನದ ನನ್ನ ಆಪ್ತಸಲಹಾ ಕೊಠಡಿಗೆ ಒಂದೇ ಬಗೆಯ ದೂರು ಬರತೊಡಗುತ್ತದೆ. ಬೆಂಚಿನ ಮೇಲೆ ನೆಟ್ಟಗೆ ಕೂರುವುದಿಲ್ಲ, ಡೆಸ್ಕಿನ ಮೇಲೆ ಬೀಳುತ್ತಾನೆ, ಪಕ್ಕದವನಿಗೆ ಒರಗುತ್ತಾನೆ. ಡೈರಿಯ ತುಂಬ ಕೆಂಪು ಶಾಯಿ. ಇದು ಶಿಸ್ತಿನ ಸಮಸ್ಯೆ ಎಂದು ತೀರ್ಮಾನಿಸಿಕೊಂಡೇ ತಂದೆತಾಯಿ ಬಂದಿರುತ್ತಾರೆ. ಈ ಬರಹಕ್ಕೆ ಕಾರಣನಾದ ಹುಡುಗನ ಮನೆಯವರೂ ಹಾಗೆಯೇ ಬಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಒಂಬತ್ತು ವರ್ಷ. ತಂದೆ ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇದೆಯೆಂದು ಮಕ್ಕಳ ಮನೋವೈದ್ಯರು ಆಗಲೇ ಹೇಳಿದ್ದರು. ತಂದೆ ಅದನ್ನು ಅರ್ಧ ನಂಬಿದ್ದರು. ‘ಗಮನ ಇಲ್ಲ ಅಂದರೆ ಒಪ್ಪುತ್ತೇನೆ. ಕೂರುವುದಕ್ಕೂ ಏನು ಕಾಯಿಲೆ?’ ಎಂಬುದು ಅವರ ಪ್ರಶ್ನೆ. ತಾಯಿ ಮಾತನಾಡದೆ ಮಗನ ಮೊಣಕಾಲು ತೋರಿಸಿದರು. ಹಳೆಯ ಗಾಯದ ಮೇಲೆಯೇ ಹೊಸ ಗಾಯ.

ಕೊಠಡಿಯ ನೆಲದ ಟೈಲ್ಸ್ ನಡುವಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದೆ. ಕೈ ಅಗಲಿಸಿಕೊಂಡು, ತುಟಿ ಕಚ್ಚಿಕೊಂಡು ನಡೆದ. ನಿಂತಲ್ಲೇ ಏಳರ ಮಗ್ಗಿ ಹೇಳಿಸಿದೆ, ತಪ್ಪಿಲ್ಲದೆ ಹೇಳಿದ. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿಸಿದೆ. ಏಳು ಮೂರಲ ಇಪ್ಪತ್ತೊಂದಕ್ಕೆ ಕಾಲು ಗೆರೆ ಬಿಟ್ಟಿತು. ಕಾಲನ್ನು ಗೆರೆಗೆ ತಂದುಕೊಳ್ಳುವಷ್ಟರಲ್ಲಿ ಮಗ್ಗಿ ನಿಂತುಹೋಯಿತು. ‘ಬೇಕೆಂದೇ ಮಾಡುತ್ತಾನೆ’ ಎಂದರು ತಂದೆ.

ಅವನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲೆಯಲ್ಲಿ ಹೇಳುವಂತೆ ಬೆನ್ನು ನೇರ, ಕೈ ಕಟ್ಟು ಎಂದು ಹೇಳಿ, ಸಂತೆಗೆ ಹೋದ ಅಜ್ಜಿಯ ಪುಟ್ಟ ಕಥೆಯೊಂದನ್ನು ಹೇಳಿದೆ. ಅಜ್ಜಿ ಏನು ಕೊಂಡಳು ಎಂದು ಕೇಳಿದರೆ ಮುಖ ನೋಡಿದ. ಆಮೇಲೆ ನೆಲದ ಮೇಲೆ ಗೋಡೆಗೆ ಒರಗಿ, ಇಷ್ಟ ಬಂದಂತೆ ಕುಳಿತುಕೊಳ್ಳಲು ಬಿಟ್ಟು ಅಷ್ಟೇ ಉದ್ದದ ಇನ್ನೊಂದು ಕಥೆ ಹೇಳಿದೆ. ಕಾಲು ಅಲ್ಲಾಡಿಸುತ್ತ, ಕಾಲುಚೀಲ ಎಳೆಯುತ್ತ ಕೇಳಿದ. ಕೇಳಿದ್ದನ್ನು ಹೆಚ್ಚುಕಡಿಮೆ ಪೂರ್ತಿ ಹೇಳಿದ. ಮೊದಲಿನದು ಏಕೆ ನೆನಪಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇದು: ‘ನೆಟ್ಟಗೆ ಕುಳಿತಾಗ, ನೆಟ್ಟಗೆ ಕುಳಿತಿದ್ದೇನಾ ಎಂದೇ ನೋಡಿಕೊಳ್ಳುತ್ತಿರಬೇಕಲ್ಲ. ಕಥೆ ಯಾವಾಗ ಕೇಳುವುದು?’

ತಂದೆ ಸುಮ್ಮನಾದರು. ಒಂದು ದಿನದ ಎರಡು ಕಥೆಗಳಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಹುಡುಗ ಹೇಳಿದ್ದಕ್ಕೆ ಆಧಾರವಿದೆ. ಮೈಯನ್ನು ನೇರವಾಗಿ ನಿಲ್ಲಿಸುವ ಕೆಲಸ ತಾನಾಗಿ ಆಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಕಣ್ಣು, ಒಳಕಿವಿಯ ಸಮತೋಲನ ಅಂಗ, ಕೀಲು ಮತ್ತು ಅಂಗಾಲು, ಈ ಮೂರೂ ಕಡೆಯಿಂದ ಬರುವ ಸುದ್ದಿಯನ್ನು ಮಿದುಳು ಹೊಂದಿಸಿ ಸ್ನಾಯುಗಳಿಗೆ ಆಜ್ಞೆ ಕೊಡಬೇಕು. ಅದರಲ್ಲಿ ಮಿದುಳಿನ ಹಿಂಭಾಗದ ಕೆಳಗಿರುವ ಕಿರುಮೆದುಳಿನ ಪಾಲು ದೊಡ್ಡದು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಕಿರುಮೆದುಳಿನ ಗಾತ್ರ ಸರಾಸರಿಯಲ್ಲಿ ತುಸು ಕಡಿಮೆ ಎಂಬುದನ್ನು 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸ್ಕ್ಯಾನಿಂಗ್ ಅಧ್ಯಯನವೊಂದು ತೋರಿಸಿತ್ತು. ಇಂಥ ಮಕ್ಕಳನ್ನು ಮೈಯ ಓಲಾಟ ಅಳೆಯುವ ಹಲಗೆಯ ಮೇಲೆ ನಿಲ್ಲಿಸಿದರೆ ಉಳಿದವರಿಗಿಂತ ಹೆಚ್ಚು ಓಲಾಡುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಎಲ್ಲರೂ ಅಲ್ಲ, ಆದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಚಲನೆಯ ಹೊಂದಾಣಿಕೆಯ ತೊಂದರೆಯೂ ಜೊತೆಗಿರುತ್ತದೆ. ತಾನಾಗಿ ಆಗಬೇಕಾದದ್ದು ತಾನಾಗಿ ಆಗದಿದ್ದಾಗ ಮಗು ಅದಕ್ಕೆ ಗಮನ ಕೊಡಬೇಕಾಗುತ್ತದೆ. ಗಮನವೇ ಕೊರತೆಯಿರುವ ಮಗುವಿನ ಹತ್ತಿರ ಇದ್ದಬದ್ದ ಗಮನವನ್ನೂ ಬೆನ್ನಿಗೆ ಖರ್ಚು ಮಾಡಿಸಿ, ಆಮೇಲೆ ಪಾಠ ಕೇಳಲಿಲ್ಲ ಎಂದು ಬೈಯುತ್ತೇವೆ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ, ‘ನೆಟ್ಟಗೆ ಕೂರು’ ಎಂಬ ಮಾತನ್ನು ಮನೆಯಲ್ಲಿ ನಿಲ್ಲಿಸಿ ಎಂಬುದು. ಶಾಲೆಯ ಬೆಂಚಿನಲ್ಲಿ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತೂಗಾಡುವ ಕಾಲಿನಲ್ಲಿ ಸೊಂಟ ನಿಲ್ಲಿಸುವುದು ದೊಡ್ಡವರಿಗೂ ಕಷ್ಟ. ತೋಟದಲ್ಲಿ ಸಿಗುವ ಸಿಲ್ವರ್ ಓಕ್ ಹಲಗೆಯ ತುಂಡೊಂದನ್ನು ಪಾದದಡಿ ಇಡಲು ಶಾಲೆಯವರನ್ನು ಕೇಳಿ ಎಂದೆ. ಹಿಂದಿನ ಸಾಲಿನಲ್ಲಿ ಗೋಡೆ ಪಕ್ಕ ನಿಂತು ಬರೆಯಲು ಅವಕಾಶ ಕೋರಿ ಪತ್ರ ಬರೆದುಕೊಟ್ಟೆ.

ಈ ಪತ್ರಕ್ಕಾಗಿ ನಾನು ಬೈಸಿಕೊಂಡಿದ್ದೇನೆ. ಒಬ್ಬನಿಗೆ ಬಿಟ್ಟರೆ ನಾಳೆ ಇಡೀ ತರಗತಿ ನಿಲ್ಲುತ್ತದೆ ಎಂದು ಶಿಕ್ಷಕಿ ಫೋನಿನಲ್ಲಿ ಹೇಳಿದರು. ನಲವತ್ತು ಮಕ್ಕಳನ್ನು ಸಂಭಾಳಿಸುವವರ ಕಷ್ಟ ನನಗೆ ಗೊತ್ತಿದೆ. ಆದರೂ ನನ್ನ ನಿಲುವು ಬದಲಾಗಿಲ್ಲ. ಕನ್ನಡಕ ಹಾಕಿದ ಹುಡುಗನನ್ನು ನೋಡಿ ತರಗತಿಯೆಲ್ಲ ಕನ್ನಡಕ ಕೇಳುವುದಿಲ್ಲ. ಕೂರುವ ಭಂಗಿ ಸಭ್ಯತೆಯ ಲಕ್ಷಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದರ ಬೆಲೆಯನ್ನು ಇಂಥ ಮಕ್ಕಳು ತೆರಬಾರದು.

ತಂದೆ ಹೊರಡುವ ಮೊದಲು ಜೇಬಿನಿಂದ ಒಂದು ಕರಪತ್ರ ತೆಗೆದರು. ಸಮತೋಲನದ ವ್ಯಾಯಾಮದಿಂದ ಮಿದುಳನ್ನೇ ಸರಿಪಡಿಸಿ, ಮಾತ್ರೆಯಿಲ್ಲದೆ ಎಡಿಎಚ್‌ಡಿ ಗುಣಪಡಿಸುವ ಪ್ಯಾಕೇಜು. ಶುಲ್ಕ ಶಾಲೆಯ ವರ್ಷದ ಶುಲ್ಕಕ್ಕಿಂತ ಜಾಸ್ತಿ. ಬೇಡ ಎಂದು ಖಂಡಿತವಾಗಿ ಹೇಳಿದೆ. ಅಭ್ಯಾಸ ಮಾಡಿಸಿದರೆ ಸಮತೋಲನ ಸುಧಾರಿಸುತ್ತದೆ. ಆದರೆ ಅದರಿಂದಲೇ ಗಮನದ ಕೊರತೆ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸಂಜೆ ಹೊತ್ತು ಕಾಫಿ ಒಣಗಿಸುವ ಕಣದ ಅಂಚಿನ ಮೇಲೆ ನಡೆಯಲಿ, ಕುಂಟಬಿಲ್ಲೆ ಆಡಲಿ, ಸೈಕಲ್ ತುಳಿಯಲಿ. ಬಿದ್ದರೆ ನಗುವವರಿಲ್ಲದ ಜಾಗದಲ್ಲಿ ಆಡಿದರೆ ಸಾಕು, ದುಡ್ಡು ಬೇಕಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ಮಾತ್ರ ಒಬ್ಬನನ್ನೇ ಬಿಡಬೇಡಿ, ಬೆಂಗಳೂರು–ಮಂಗಳೂರು ಹೆದ್ದಾರಿಯಾದ ಬಿ.ಎಂ. ರಸ್ತೆಯನ್ನು ದಾಟುವಾಗ ಕೈ ಬಿಡಬೇಡಿ. ಎಡಿಎಚ್‌ಡಿ ಇರುವ ಮಕ್ಕಳಿಗೆ ಪೆಟ್ಟಾಗುವ ಸಂಭವ ಹೆಚ್ಚು.

ಮಾತ್ರೆಯ ವಿಷಯ ವೈದ್ಯರದು. ಆದರೆ ಆಪ್ತಸಲಹೆಗಾರರು ಮಾತ್ರೆ ಬೇಡ ಎಂದರು ಎಂದು ನನ್ನ ಹೆಸರು ಹೇಳುವಂತಿಲ್ಲ ಎಂದು ಅವರಿಗೆ ಸ್ಪಷ್ಟಪಡಿಸಿದೆ. ಆರು ವರ್ಷ ದಾಟಿದ ಮಕ್ಕಳಿಗೆ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ದಶಕಗಳಿಂದ ಬಳಕೆಯಲ್ಲಿದೆ. ಅನುಮಾನಗಳಿದ್ದರೆ ಬರೆದಿಟ್ಟುಕೊಂಡು ಹೋಗಿ ಮನೋವೈದ್ಯರನ್ನೇ ಕೇಳಬೇಕು. ಇದನ್ನು ಓದುವವರಿಗೆ ಇನ್ನೊಂದು ಮಾತು. ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ತಡವರಿಸತೊಡಗಿದರೆ, ಬೆಳಗಿನ ತಲೆನೋವು, ವಾಂತಿ ಜೊತೆಗಿದ್ದರೆ, ತಲೆ ಒಂದು ಬದಿಗೆ ವಾಲತೊಡಗಿದರೆ ಅದನ್ನು ಎಡಿಎಚ್‌ಡಿಯ ಲೆಕ್ಕಕ್ಕೆ ಹಾಕಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.

ಶಾಲೆ ಹಲಗೆಗೆ ಒಪ್ಪಿತು, ನಿಂತು ಬರೆಯಲು ಗಣಿತದ ಅವಧಿಯಲ್ಲಿ ಮಾತ್ರ ಬಿಟ್ಟಿತು. ಡೈರಿಯಲ್ಲಿ ಭಂಗಿಯ ದೂರು ಕಡಿಮೆಯಾಗಿದೆ. ಪುಸ್ತಕ ಮರೆಯುವುದು, ಮಾತಿನ ನಡುವೆ ಬಾಯಿ ಹಾಕುವುದು ಹಾಗೆಯೇ ಇವೆ. ಈಚೆಗೆ ತಂದೆ ಫೋನ್ ಮಾಡಿ, ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಪೆನ್ಸಿಲನ್ನು ಬಿಗಿಹಿಡಿದು ಮೊನೆ ಮುರಿಯುತ್ತಾನೆ ಎಂದರು. ಅದಕ್ಕೆ ಬರೆಯುವಂಥ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಔದ್ಯೋಗಿಕ ಚಿಕಿತ್ಸಕರನ್ನು (ಆಕ್ಯುಪೇಷನಲ್ ಥೆರಪಿಸ್ಟ್) ಕಾಣಬೇಕು, ಬರುವಾಗ ಹಳೆಯ ನೋಟ್‌ಬುಕ್ಕುಗಳನ್ನು ತನ್ನಿ ಎಂದು ಹೇಳಿದ್ದೇನೆ.