‘ನಿಮ್ಮ ಕಾರಿಗೆ ಈಗ ಭಾರಿ ಬೇಡಿಕೆ’ ಅಂತ ಶೋರೂಮಿನಿಂದ ಪತ್ರ ಬಂದರೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. 2018ರಲ್ಲಿ ಶಿವಮೊಗ್ಗದ ಶೋರೂಮಿನಿಂದ ಒಂದು ಸಣ್ಣ ಪೆಟ್ರೋಲ್ ಕಾರು ತಂದಿದ್ದೆ. 62,000 ಕಿ.ಮೀ. ಓಡಿದೆ, ಏನೂ ತೊಂದರೆ ಇಲ್ಲ. ಕಾರಿನ ಸಾಲ ತೀರಿದ ಮೇಲೆ ಅದೇ ಶೋರೂಮಿನಿಂದ ಪತ್ರ, ವಾಟ್ಸ್‌ಆ್ಯಪ್, ಫೋನು ಶುರುವಾಗಿದೆ. ‘ನಿಮ್ಮ ಮಾಡೆಲ್‌ಗೆ ಈಗ ಭಾರಿ ಬೇಡಿಕೆ ಇದೆ, ನಮಗೆ ತುರ್ತಾಗಿ ಬೇಕು, 40,000 ರೂಪಾಯಿ ಎಕ್ಸ್‌ಚೇಂಜ್ ಬೋನಸ್, ಈ ತಿಂಗಳ ಕೊನೆವರೆಗೆ ಮಾತ್ರ’ ಅಂತಾರೆ. ಇದು ನಿಜವಾ? ಸಾಲ ತೀರಿದ್ದು ಅವರಿಗೆ ಹೇಗೆ ಗೊತ್ತಾಯಿತು? ಕೊಟ್ಟುಬಿಡುವುದೇ ಒಳ್ಳೆಯದಾ?

ಉತ್ತರ: ಪತ್ರದಲ್ಲಿರುವುದು ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮ ಕಾರು ನೋಡಿ ಬರೆದ ಪತ್ರವೂ ಅಲ್ಲ. ನೀವು ಕಾರು ತಗೊಂಡ ದಿನ, ಪ್ರತಿ ಸರ್ವಿಸ್‌ನಲ್ಲಿ ಎಷ್ಟು ಕಿಲೋಮೀಟರ್ ಆಗಿತ್ತು, ವಾರಂಟಿ ಯಾವಾಗ ಮುಗಿಯಿತು, ಎಲ್ಲವೂ ಅವರ ಕಂಪ್ಯೂಟರಿನಲ್ಲಿದೆ. ಸಾಲವನ್ನೂ ಬಹುಶಃ ಅದೇ ಶೋರೂಮಿನ ಟೇಬಲ್ಲಿನಲ್ಲೇ ಮಾಡಿಸಿರುತ್ತೀರಿ. ಅಂದಮೇಲೆ ಎಷ್ಟು ಕಂತು, ಕೊನೆಯ ಕಂತು ಯಾವಾಗ ಅನ್ನುವುದು ಗುಟ್ಟಲ್ಲ. ಇಷ್ಟು ವರ್ಷವಾದ, ಸಾಲ ತೀರಿದ ಕಾರುಗಳ ಪಟ್ಟಿ ತೆಗೆದು ಎಲ್ಲರಿಗೂ ಒಂದೇ ಒಕ್ಕಣೆ ಕಳಿಸುತ್ತಾರೆ. ನಿಮ್ಮ ಹೆಸರು, ಗಾಡಿ ನಂಬರು ಮಾತ್ರ ಬೇರೆ.

ಬೇಡಿಕೆ ಇರುವುದೂ ನಿಜವೇ. ಒಬ್ಬರೇ ಓಡಿಸಿದ, ಕಡಿಮೆ ಓಡಿದ ಸಣ್ಣ ಪೆಟ್ರೋಲ್ ಕಾರನ್ನು ಮೊದಲ ಸಲ ಕಾರು ತಗೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಅದೇ ಡೀಲರು ಅದನ್ನು ತೊಳೆದು, ಪಾಲಿಶ್ ಹೊಡೆದು, ತಮ್ಮದೇ ಸೆಕೆಂಡ್ ಹ್ಯಾಂಡ್ ಯಾರ್ಡಿನಲ್ಲಿ ನಿಲ್ಲಿಸಿ ಮಾರುತ್ತಾರೆ. ಹೊಸ ಕಾರಿನಲ್ಲಿ ಲಾಭದ ಅಂಚು ತೆಳು, ಹಳೆಯದರಲ್ಲಿ ಜಾಸ್ತಿ. ಜೊತೆಗೆ ನಿಮಗೊಂದು ಹೊಸ ಕಾರು ಮಾರಿದ ಹಾಗೂ ಆಯಿತು. ಬೇಡಿಕೆ ಇದೆ ಅಂದರೆ ಅದರ ಲಾಭ ನಿಮಗೂ ಸಿಗಬೇಕು, ಅಲ್ವಾ? ಅಡಿಕೆಯನ್ನು ಒಂದೇ ಮಂಡಿಯಲ್ಲಿ ರೇಟು ಕೇಳಿ ಕೊಟ್ಟು ಬರುವವರು ನೀವಲ್ಲ. ಕಾರನ್ನು ಮಾತ್ರ ಯಾಕೆ ಹಾಗೆ ಕೊಡಬೇಕು?

ಈಗ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಸೋಲುವುದು ಇಲ್ಲೇ. ‘ಹಳೇ ಕಾರಿಗೆ ಎಷ್ಟು ಕೊಡ್ತೀರಿ’ ಅಂತ ಮಾತ್ರ ಕೇಳಬೇಡಿ. ‘ಹಳೇದು ಕೊಟ್ಟು ಹೊಸದು ಮನೆಗೆ ತರಲು ಕೈಯಿಂದ ಒಟ್ಟು ಎಷ್ಟು ಹಾಕಬೇಕು’ ಅಂತ ಕೇಳಿ. ಅದೊಂದೇ ಅಂಕಿ ನಿಮ್ಮದು, ಉಳಿದದ್ದೆಲ್ಲ ಅವರ ಆಟ.

ಉದಾಹರಣೆಗೆ ಹೊಸ ಕಾರಿನ ಆನ್ ರೋಡ್ ಬೆಲೆ 9,60,000 ಅಂತಿಟ್ಟುಕೊಳ್ಳಿ. ಒಂದು ಶೋರೂಮಿನವರು ನಿಮ್ಮ ಕಾರಿಗೆ 3,70,000 ಕಟ್ಟಿ, 40,000 ಬೋನಸ್ ಕೊಟ್ಟು, ಬೇರೆ ರಿಯಾಯಿತಿ ಇಲ್ಲ ಅಂದರು. ಕೈಯಿಂದ 5,50,000. ಇನ್ನೊಬ್ಬರು ಹಳೇದಕ್ಕೆ 3,40,000 ಮಾತ್ರ ಅಂದರು. ಆದರೆ ಬೋನಸ್ 40,000 ಜೊತೆಗೆ 25,000 ನಗದು ರಿಯಾಯಿತಿ ಕೊಟ್ಟು, ಬಿಲ್ಲಿಗೆ ಸೇರಿಸಿದ್ದ 20,000 ರೂಪಾಯಿಯ ಆಕ್ಸೆಸರೀಸ್ ತೆಗೆದರು. ಕೈಯಿಂದ 5,35,000. ಹಳೇ ಕಾರಿಗೆ 30,000 ಕಡಿಮೆ ಕೊಟ್ಟವರೇ 15,000 ಅಗ್ಗವಾದರು. ಇನ್ನು ಊರಲ್ಲೇ ಗುರುತಿನವರಿಗೆ 4,00,000ಕ್ಕೆ ಮಾರಿದರೆ? ಬೋನಸ್ ಬಿಟ್ಟರೂ, ಎರಡನೆಯವರ ರಿಯಾಯಿತಿಯಲ್ಲಿ ಕೈಯಿಂದ 5,15,000 ಸಾಕು. ಅಂಕಿಗಳು ಊಹೆಯವು, ಆಟ ಮಾತ್ರ ಹೀಗೇ ಇರುತ್ತದೆ. ಎರಡು ಕಡೆಯಿಂದಲೂ ಕೊಟೇಶನ್ ಕಾಗದದಲ್ಲಿ ಬರೆಸಿಕೊಳ್ಳಿ. ‘ಮ್ಯಾನೇಜರ್ ಹತ್ರ ಮಾತಾಡ್ತೀನಿ ಸಾರ್’ ಅನ್ನುವುದು ಕೊಟೇಶನ್ ಅಲ್ಲ.

ಕೊಟೇಶನ್‌ನಲ್ಲಿ ತೆರಿಗೆ ಸಾಲನ್ನೂ ನೋಡಿ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ 14%, ಅದರ ಮೇಲೆ ಸೆಸ್. 10 ಲಕ್ಷ ದಾಟಿ 20 ಲಕ್ಷದವರೆಗೆ 17%. 8 ಲಕ್ಷದ ಕಾರಿಗೆ ತೆರಿಗೆಯೇ 1,12,000 ಆಯಿತು. 2018ರಲ್ಲಿ ನೀವು ಕಟ್ಟಿದ ತೆರಿಗೆ ಹಳೇ ಕಾರಿನ ಜೊತೆಗೇ ಹೋಗುತ್ತದೆ, ಹೊಸದಕ್ಕೆ ವಜಾ ಆಗುವುದಿಲ್ಲ. ‘ಅಪ್‌ಗ್ರೇಡ್ ಮಾಡಿ’ ಅನ್ನುವ ಪತ್ರ ಈ ಖರ್ಚಿನ ಸುದ್ದಿಯನ್ನೇ ಎತ್ತುವುದಿಲ್ಲ.

ಪಕ್ಕದ ಮನೆಯವರ ಹಳೇ ರೇಟು ಹಿಡಿದು ಜಗಳಕ್ಕೂ ನಿಲ್ಲಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿಯಿತು. ಅದಕ್ಕೆ ಮೊದಲು 28% ಇತ್ತು, ಮೇಲೆ ಸೆಸ್. ಹೊಸದರ ಬೆಲೆ ಇಳಿದಾಗ ಹಳೆಯದರದ್ದೂ ಇಳಿಯುತ್ತದೆ. ಅದು ಡೀಲರ್ ಮಾಡಿದ ಮೋಸ ಅಲ್ಲ.

ವ್ಯಾಲ್ಯುಯೇಶನ್‌ಗೆ, ಅಂದರೆ ಹಳೇ ಕಾರಿಗೆ ಬೆಲೆ ಕಟ್ಟಲು ಬರುವ ಹುಡುಗ ಏನು ನೋಡುತ್ತಾನೆ ಗೊತ್ತಿರಲಿ. ಬಾಗಿಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆ ಕಂಪನಿಯದ್ದೋ, ಟಿಂಕರಿಂಗ್ ಆದದ್ದೋ ನೋಡುತ್ತಾನೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಗೆ ಟಾರ್ಚ್ ಹಾಕುತ್ತಾನೆ. ಅಲ್ಲಿ ನೀರು ನಿಂತ ಗುರುತಿದ್ದರೆ ‘ಅಂಡರ್‌ಬಾಡಿ ತುಕ್ಕು ಸಾರ್’ ಅಂತ ಸಲೀಸಾಗಿ ಮೂವತ್ತು ಸಾವಿರ ಇಳಿಸುತ್ತಾನೆ. ನಮ್ಮ ಕಡೆ ಕಾರುಗಳಿಗೆ ಇನ್ನೊಂದು ಗ್ರಹಚಾರ ಉಂಟು. ಮರದಡಿ ನಿಲ್ಲಿಸಿ ನಿಲ್ಲಿಸಿ, ಮುಂದಿನ ಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ, ಕಸ ಕೊಳೆತು ನೀರು ಹೋಗುವ ತೂತು ಕಟ್ಟಿರುತ್ತದೆ. ಆ ನೀರು ಕಾಲಡಿಯ ಕಾರ್ಪೆಟ್ಟಿಗೆ ಇಳಿದು ಮುಗ್ಗಲು ವಾಸನೆ. ಮಡ್‌ಗಾರ್ಡ್ ಒಳಗೆ ಎರಡು ಮಳೆಗಾಲದ ಕೆಸರು. ಚಕ್ರದ ಹತ್ತಿರ ತುಕ್ಕು ಏಳುವುದು ಆ ಒದ್ದೆ ಮಣ್ಣಿನಿಂದಲೇ. ತೋರಿಸುವ ಮೊದಲು ಕಾರನ್ನು ಲಿಫ್ಟಿಗೆ ಹಾಕಿಸಿ ಅಡಿ ತೊಳೆಸಿ, ಜಾಲರಿ ಬಿಚ್ಚಿಸಿ ಕಸ ತೆಗೆಸಿ, ಕಾರ್ಪೆಟ್ ಬಿಸಿಲಿಗೆ ಒಣಗಿಸಿ. ಜುಲೈ ತಿಂಗಳ ಜಡಿಮಳೆಯಲ್ಲಿ ಕೆಸರು ಮೆತ್ತಿದ ಕಾರು ಒಯ್ದು ತೋರಿಸುವುದು ಸುಮ್ನೆ ನಷ್ಟ. ಸರ್ವಿಸ್ ದಾಖಲೆ ಪ್ರಿಂಟ್ ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ. ಇನ್ಶೂರೆನ್ಸ್ ಕಾಗದದ ಐಡಿವಿ (ವಿಮಾ ಕಂಪನಿ ಕಾರಿಗೆ ಕಟ್ಟಿದ ಬೆಲೆ) ತೋರಿಸಿ ‘ಇದೇ ಬೆಲೆ’ ಅಂದರೆ ಒಪ್ಪಬೇಡಿ. ಅದು ವಿಮೆಯ ಲೆಕ್ಕ, ಮಾರುಕಟ್ಟೆಯದ್ದಲ್ಲ.

ವಿಮೆಯ ಮಾತು ಬಂತಲ್ಲ, ಅಲ್ಲೂ ಒಂದು ದುಡ್ಡು ಕೈ ತಪ್ಪುತ್ತದೆ. ಸತತ 5 ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮದೇ ಕಾರಿನ ಹಾನಿಗೆ ಕಟ್ಟುವ ವಿಮೆ ಕಂತು) ಮೇಲೆ 50% ನೋ ಕ್ಲೇಮ್ ಬೋನಸ್ ಸಿಗುತ್ತದೆ. ಈ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹಳೇ ಕಾರು ಕೊಟ್ಟ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಒಂದು ಪತ್ರ ತಗೊಂಡರೆ ಹೊಸ ಕಾರಿಗೆ ಬಳಸಬಹುದು, 3 ವರ್ಷದೊಳಗೆ. ಶೋರೂಮಿನವರು ತಾವಾಗಿ ಹೇಳುವುದು ಅಪರೂಪ. ಕೇಳಿದರೆ ಮಾಡಿಕೊಡುತ್ತಾರೆ.

‘ಈ ತಿಂಗಳ ಕೊನೆವರೆಗೆ ಮಾತ್ರ’ ಅನ್ನುವುದಕ್ಕೆ ಹೆದರಬೇಡಿ. ಮುಂದಿನ ತಿಂಗಳು ಇನ್ನೊಂದು ಹೆಸರಲ್ಲಿ ಬರುತ್ತದೆ. ಆಷಾಢದಲ್ಲಿ ನಮ್ಮವರು ಗಾಡಿ ತಗೊಳ್ಳಲು ಹಿಂದೇಟು ಹಾಕುತ್ತಾರೆ, ಹಾಗಾಗಿ ‘ಆಷಾಢ ಆಫರ್’. ದಸರಾ, ದೀಪಾವಳಿಗೆ ಹಬ್ಬದ ಆಫರ್. ಡಿಸೆಂಬರಿನಲ್ಲಿ ವರ್ಷದ ಸ್ಟಾಕ್ ಖಾಲಿ ಮಾಡುವ ಆಫರ್. ಚೌಕಾಸಿಗೆ ತಿಂಗಳ ಕೊನೆಯ ವಾರವೇ ಒಳ್ಳೆಯದು, ಅವರಿಗೆ ಟಾರ್ಗೆಟ್ ಇರುತ್ತದೆ. ಡಿಸೆಂಬರಿನಲ್ಲಿ ತಗೊಂಡರೆ ಮಾತ್ರ ನೆನಪಿಡಿ, ಜನವರಿ ಬಂದ ಕೂಡಲೇ ಕಾಗದದ ಮೇಲೆ ನಿಮ್ಮ ಕಾರು ಹಿಂದಿನ ವರ್ಷದ್ದಾಗುತ್ತದೆ. ಮುಂದೆ ಮಾರುವಾಗ ಅದನ್ನೂ ಎತ್ತಿ ಆಡುತ್ತಾರೆ.

ಕೊಡಬೇಕಾ ಬೇಡವಾ? ತೊಂದರೆ ಕೊಡದ, 62,000 ಓಡಿದ ಪೆಟ್ರೋಲ್ ಕಾರನ್ನು ಪತ್ರ ಬಂತು ಅಂತ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲಾ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ನಿಮ್ಮದು 2018ರದ್ದು. ಕೆಳಗಿನ ವೇರಿಯಂಟ್ ಆಗಿದ್ದರೆ ಇವೆರಡೂ ಇಲ್ಲದಿರಬಹುದು. ಮಳೆಗಾಲದಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವವರಿಗೆ ಕಾರು ಬದಲಿಸಲು ಅದು ನಿಜವಾದ ಕಾರಣ. ಅದಾದರೆ ಬದಲಿಸಿ, ನಿಮ್ಮ ಸಮಯಕ್ಕೆ. ಹಾಗೇ ಸಾಲ ತೀರಿದ ಮೇಲೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದೀರಾ ನೋಡಿ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ತೆಗೆಸಬೇಕು. ಇದು ಬಾಕಿ ಇದ್ದರೆ ಮಾರುವ ದಿನ ಅದೇ ನೆಪದಲ್ಲಿ ಬೆಲೆ ಇಳಿಸುತ್ತಾರೆ.

ಪ್ರಶ್ನೆ: ನಾನು ಹೊಸನಗರದಲ್ಲಿ ಶಿಕ್ಷಕಿ. 2014ರ ಡೀಸೆಲ್ ಕಾರಿದೆ. ‘ಮೇಡಂ, 10 ವರ್ಷ ಆದ ಡೀಸೆಲ್ ಗಾಡಿ ಬಂದ್ ಆಗುತ್ತೆ, ಈಗ ಕೊಟ್ಟರೆ ಏನಾದರೂ ಸಿಗುತ್ತೆ, ಆಮೇಲೆ ಗುಜರಿಗೇ’ ಅಂತ ಫೋನು ಬರುತ್ತಿದೆ. ಹೌದಾ?

ಉತ್ತರ: ಇಲ್ಲ. 10 ವರ್ಷದ ಡೀಸೆಲ್ ಮಾತು ದೆಹಲಿ ಮತ್ತು ಸುತ್ತಲಿನ ಪ್ರದೇಶದ್ದು. ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿಗೆ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿ ಗುಜರಿಗೆ ಅನ್ನುವ ನಿಯಮ ಬಂದದ್ದು ಸರ್ಕಾರಿ ವಾಹನಗಳಿಗೆ. ಈ ಎರಡು ಸುದ್ದಿ ಕಲಸಿ ನಿಮ್ಮನ್ನು ಹೆದರಿಸುತ್ತಿದ್ದಾರೆ.

ನಿಮ್ಮ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ 2029ರವರೆಗೆ. ಆಮೇಲೂ ಆರ್‌ಟಿಒದಲ್ಲಿ ಕಾರು ಪರೀಕ್ಷೆಗೆ ಒಡ್ಡಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ 5 ವರ್ಷಕ್ಕೆ ನವೀಕರಿಸಬಹುದು. ಹಳೇ ಡೀಸೆಲ್‌ಗೆ ಕೊಳ್ಳುವವರು ಕಡಿಮೆಯಾಗುತ್ತಿರುವುದು ನಿಜ. ಘಾಟಿ ರಸ್ತೆಯಲ್ಲಿ ಓಡಿದ ಕಾರಿಗೆ ಕ್ಲಚ್, ಸಸ್ಪೆನ್ಶನ್ ಖರ್ಚೂ ಬರುತ್ತದೆ. ರಿಪೇರಿ ಬಿಲ್ಲು ಕೈಗೆ ಹತ್ತುತ್ತಿಲ್ಲ ಅಂದರೆ ಮಾರಿ. ಫೋನಿಗೆ ಹೆದರಿ ಬೇಡ.

ಪ್ರಶ್ನೆ: ನಾನು ಸಾಗರದವನು. ಕಳೆದ ವರ್ಷ ಎಕ್ಸ್‌ಚೇಂಜ್‌ನಲ್ಲಿ ಹಳೇ ಕಾರು ಕೊಟ್ಟೆ. ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡರು. ಈಗ ಬೆಂಗಳೂರಿನಲ್ಲಿ ಸಿಗ್ನಲ್ ಜಂಪ್ ಆಗಿದೆ ಅಂತ ದಂಡದ ಮೆಸೇಜು ನನ್ನ ಫೋನಿಗೆ. ಡೀಲರನ್ನು ಕೇಳಿದರೆ ‘ಅದು ಆಗಲೇ ಮಾರಿಹೋಗಿದೆ’ ಅಂತಾರೆ. ಏನು ಮಾಡಲಿ?

ಉತ್ತರ: ದಂಡ ಐನೂರೋ ಸಾವಿರವೋ, ಕಟ್ಟಿ ಮುಗಿಸೋಣ ಅನ್ನಿಸಬಹುದು. ಆದರೆ ನಿಮ್ಮ ತೊಂದರೆ ದಂಡದ್ದಲ್ಲ. ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆ. ಆ ಕಾರಿನಿಂದ ನಾಳೆ ಅಪಘಾತವಾಗಿ, ವಿಮೆಯೂ ಇಲ್ಲದಿದ್ದರೆ ಪರಿಹಾರ ನಿಮ್ಮ ತಲೆಗೇ ಬರುತ್ತದೆ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕಾರು ಎಷ್ಟು ಕೈ ಬದಲಾಗಿರಲಿ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.

ಮೊದಲು ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ನೋಡಿ. ಮಾಲೀಕರ ಹೆಸರಿನ ಅಕ್ಷರಗಳು, ವಿಮೆ ಚಾಲ್ತಿಯಲ್ಲಿದೆಯಾ ಎಲ್ಲ ತಿಳಿಯುತ್ತದೆ. ಆಮೇಲೆ ಕಾರು ಕೊಟ್ಟ ದಿನದ ಡೆಲಿವರಿ ರಸೀದಿ ಹುಡುಕಿ. ಹೊಸ ಕಾರಿನ ಬಿಲ್ಲಿನಲ್ಲಿ ಹಳೇ ಕಾರಿನ ಮೊತ್ತ ಕಳೆದಿದ್ದರೆ ಅದೂ ಸಾಕ್ಷಿಯೇ. ಎರಡರ ಪ್ರತಿ ಇಟ್ಟು ಡೀಲರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಇಂಥ ದಿನ ಕಾರು ಒಪ್ಪಿಸಿದ್ದೇನೆ, ಹೆಸರು ಬದಲಾವಣೆ ಮಾಡಿಸಿ, ಕೊಂಡವರ ವಿವರ ಕೊಡಿ ಅಂತ. ಅದೇ ಪ್ರತಿಗಳನ್ನು ನಿಮ್ಮ ಆರ್‌ಟಿಒ ಕಚೇರಿಗೂ, ದಂಡ ಹಾಕಿದ ಸಂಚಾರ ಪೊಲೀಸರಿಗೂ ಕೊಟ್ಟು ಸ್ವೀಕೃತಿ ತಗೊಳ್ಳಿ. ಫಾಸ್ಟ್ಯಾಗ್ ಇನ್ನೂ ನಿಮ್ಮ ಖಾತೆಗೇ ಇದ್ದರೆ ಇವತ್ತೇ ಮುಚ್ಚಿಸಿ.

ಡೀಲರ್ ಅಲುಗಾಡದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಮೊತ್ತ 5 ಲಕ್ಷದವರೆಗಿನ ವ್ಯವಹಾರವಾದರೆ ದೂರಿಗೆ ಶುಲ್ಕ ಇಲ್ಲ. 2 ವರ್ಷದೊಳಗೆ ಹಾಕಬೇಕು.

ಇನ್ನು ಮುಂದೆ ಕಾರು ಕೊಡುವವರು ಗಮನಿಸಿ. ಮಾಲೀಕರ ಹೆಸರು ಬದಲಾವಣೆಯ ಫಾರಂ 29, 30 ಖಾಲಿ ಇದ್ದರೆ ಸಹಿ ಹಾಕಲೇಬೇಡಿ. ತುಂಬಿಸಿ, ದಿನಾಂಕ ಹಾಕಿ, ಫೋಟೊ ತೆಗೆದುಕೊಂಡು ಕೊಡಿ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ, ಕಾನೂನೇ ಹಾಗಿದೆ. 2023ರ ಏಪ್ರಿಲ್‌ನಿಂದ ಇನ್ನೊಂದು ಅನುಕೂಲ ಬಂದಿದೆ. ಹಳೇ ವಾಹನದ ವ್ಯಾಪಾರಕ್ಕೆ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರ್ ಆದರೆ, ಫಾರಂ 29ಸಿ ಮೂಲಕ ಕಾರು ಒಪ್ಪಿಸಿದ್ದನ್ನು ಆನ್‌ಲೈನಿನಲ್ಲೇ ದಾಖಲಿಸಬಹುದು. ಅಲ್ಲಿಂದ ಮುಂದಿನ ಜವಾಬ್ದಾರಿ ಡೀಲರ್‌ದು. ‘ನಿಮ್ಮ ಹತ್ರ ಆ ಅಧಿಕಾರ ಪತ್ರ ಇದೆಯಾ, 29ಸಿ ಮಾಡ್ತೀರಾ’ ಅಂತ ಕೇಳಿ. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಇಲ್ಲ ಅಂದರೆ ಡೆಲಿವರಿ ರಸೀದಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ, ಕಿಲೋಮೀಟರನ್ನೂ ಬರೆಸಿ, ಸೀಲು ಹಾಕಿಸಿ. ಕ್ಯಾಮೆರಾ ದಂಡದಲ್ಲಿ ಗಂಟೆ, ನಿಮಿಷ ಸಮೇತ ಇರುತ್ತದೆ.

ಪ್ರಶ್ನೆ: ಕಾರು ಮಾರುವ ಯೋಚನೆಯೇ ಇಲ್ಲ. ಈ ಫೋನು, ಮೆಸೇಜು ನಿಲ್ಲಿಸುವುದು ಹೇಗೆ? (ಶಿವಮೊಗ್ಗದ ವಿನೋಬನಗರದಿಂದ)

ಉತ್ತರ: 1909ಕ್ಕೆ ಫೋನ್ ಮಾಡಿ ನಿಮ್ಮ ನಂಬರನ್ನು ಡಿಎನ್‌ಡಿಗೆ (ಜಾಹೀರಾತು ಕರೆ, ಮೆಸೇಜು ಬೇಡ ಅನ್ನುವವರ ಪಟ್ಟಿ) ಸೇರಿಸಿ. ಆಮೇಲೂ ಮಾಮೂಲಿ ಹತ್ತಂಕಿ ನಂಬರಿನಿಂದ ಜಾಹೀರಾತು ಕರೆ ಬಂದರೆ 7 ದಿನದೊಳಗೆ ಅಲ್ಲೇ ದೂರು ಕೊಡಬಹುದು. ತೊಡಕು ಏನೆಂದರೆ, ಸರ್ವಿಸ್‌ಗೆ ಬಿಟ್ಟಾಗ ಜಾಬ್ ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ‘ಆಫರ್ ವಿವರ ಕಳಿಸಬಹುದು’ ಅಂತ ಒಂದು ಸಾಲಿಗೆ ನಾವೇ ಸಹಿ ಹಾಕಿರುತ್ತೇವೆ. ಮುಂದಿನ ಸಲ ಆ ಸಾಲು ಹೊಡೆದುಹಾಕಿ ಸಹಿ ಮಾಡಿ. ವಾಟ್ಸ್‌ಆ್ಯಪ್ ಮತ್ತು ಅಂಚೆ ಪತ್ರ ಡಿಎನ್‌ಡಿ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಶೋರೂಮಿನ ಕಸ್ಟಮರ್ ಕೇರ್ ಇಮೇಲಿಗೆ ‘ಸರ್ವಿಸ್ ವಿಷಯ ಮಾತ್ರ ತಿಳಿಸಿ’ ಅಂತ ಎರಡು ಸಾಲು ಬರೆಯಿರಿ. ಎಲ್ಲ ನಂಬರನ್ನೂ ಒಟ್ಟಿಗೆ ಬ್ಲಾಕ್ ಮಾಡಬೇಡಿ. ಕಂಪನಿ ಯಾವುದಾದರೂ ಬಿಡಿಭಾಗ ಉಚಿತವಾಗಿ ಬದಲಿಸಲು ಕಾರು ವಾಪಸ್ ಕರೆದರೆ ಆ ಸುದ್ದಿಯೂ ಅದೇ ನಂಬರಿನಿಂದ ಬರಬಹುದು.