ಪೆಂಟಿಯಮ್ 4, 512 ಎಂಬಿ ರ‍್ಯಾಮ್ ಇರೋ ಹಳೇ ಕಂಪ್ಯೂಟರಿಗೆ ಬರೀ ಕಮಾಂಡ್ ಲೈನ್ ಲಿನಕ್ಸ್ ಹಾಕಬೇಕು. ಎಲ್ಲಕ್ಕಿಂತ ಹಗುರ ಯಾವುದು?

ಸಾಗರದ ನಮ್ಮ ಮನೆ ಜಗಲಿ ಮೂಲೆಯಲ್ಲಿ ಥೇಟ್ ಇದೇ ಡಬ್ಬಿ ಇತ್ತು. 2019ರ ದೀಪಾವಳಿ ರಜೆಗೆ ಊರಿಗೆ ಹೋದವನು ಅದರ ಧೂಳು ಕೊಡವಿ ಕೂತೆ. ಯಾವುದು ಹಗುರ ಅಂತ ಅದಕ್ಕೂ ಮುಂಚೆ ಎರಡು ವಾರ ಓದಿದ್ದೆ. ಆ ಎರಡು ವಾರ ದಂಡ. ಡೆಸ್ಕ್‌ಟಾಪ್ ಬೇಡ ಅಂದಮೇಲೆ ಲಿನಕ್ಸಿನ ಬಗೆಗಳಲ್ಲಿ ಡೆಬಿಯನ್ ಆಗಲಿ, ಆಲ್ಪೈನ್ ಆಗಲಿ, ನಿಮ್ಮ 512 ಎಂಬಿಯಲ್ಲಿ ಆರಾಮಾಗಿ ಕೂರುತ್ತೆ. ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ.

ಆ ಕಂಪ್ಯೂಟರಿನಲ್ಲಿ ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ವಂಶಾವಳಿ, ತೋಟದ ಲೆಕ್ಕ, ತಂಗಿ ಮದುವೆ ಫೋಟೊ ಎಲ್ಲ ಇದ್ದವು. ನಾನೇನು ಬೇಜವಾಬ್ದಾರಿ ಮಾಡಲಿಲ್ಲ, ಬ್ಯಾಕಪ್ ತಗೊಂಡೆ. ಸ್ನೇಹಿತ ಕೊಟ್ಟ ಒಂದು ಸಾಟಾ (ಸಣ್ಣ ಕೇಬಲಿನ ಹೊಸ ಬಗೆ) ಡಿಸ್ಕನ್ನು ಕ್ಯಾಬಿನೆಟ್ ಒಳಗೇ ಸಿಕ್ಕಿಸಿ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿದೆ. ಆಮೇಲೆ ಅದನ್ನು ಬಿಚ್ಚಲಿಲ್ಲ. ಸ್ಕ್ರೂ ಯಾರು ತೆಗೀತಾರೆ ಅನ್ನೋ ಸೋಮಾರಿತನ, ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ. ಹಳೇ ಡಿಸ್ಕ್ ಐಡಿಇ (ಅಗಲ ಕೇಬಲಿನ ಹಳೇ ಬಗೆ), 80 ಜಿಬಿ, ಸೀಗೇಟ್. ಬ್ಯಾಕಪ್ ಡಿಸ್ಕ್ ಸಾಟಾ, ಅದೂ 80 ಜಿಬಿ, ಅದೂ ಸೀಗೇಟ್. ಐಡಿಇ ಡಿಸ್ಕಿಗೆ ಲಿನಕ್ಸ್ 'ಎಚ್‌ಡಿಎ' ಅಂತ ಹೆಸರಿಡುತ್ತೆ, ಸಾಟಾಗೆ 'ಎಸ್‌ಡಿಎ' ಅಂತ ಹಳೇ ಪುಸ್ತಕದಲ್ಲಿ ಓದಿದ್ದೆ. ಅದು ಯಾವತ್ತೋ ಹೋಯ್ತು, ಈಗಿನ ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಎಲ್ಲವೂ 'ಎಸ್‌ಡಿ'ಯೇ. ಡೆಬಿಯನ್ 10ರ ಇನ್‌ಸ್ಟಾಲರ್ ತೋರಿಸಿದ್ದು ಎರಡು ಸಾಲು. ಎರಡರ ಶುರುವಿನಲ್ಲೂ 'ಸ್ಕಝಿ' (ಇನ್ನೊಂದು ಡಿಸ್ಕ್ ಬಗೆಯ ಹೆಸರು) ಅಂತ ಇತ್ತು, ಎರಡೂ 80.0 ಜಿಬಿ. ವ್ಯತ್ಯಾಸ ಇದ್ದಿದ್ದು ಸಾಲಿನ ಕೊನೆಯಲ್ಲಿ: ಒಂದು ಎಸ್‌ಟಿ380013ಎಎಸ್, ಇನ್ನೊಂದು ಎಸ್‌ಟಿ380011ಎ. ಕೊನೆಯ 'ಎಎಸ್' ಅಂದ್ರೆ ಸಾಟಾ, ಬರೀ 'ಎ' ಅಂದ್ರೆ ಐಡಿಇ. ಇದು ನನಗೆ ಗೊತ್ತಾಗಿದ್ದು ವಾರ ಬಿಟ್ಟು. ಮೊದಲಿನಿಂದ ಇದ್ದ ಡಿಸ್ಕೇ ಮೊದಲನೇದಿರಬೇಕು ಅಂತ ಎಸ್‌ಡಿಎ ಆರಿಸಿ, 'ಇಡೀ ಡಿಸ್ಕ್ ಬಳಸು' ಅಂತ ಎಂಟರ್ ಒತ್ತಿದೆ.

ಮುಕ್ಕಾಲು ಗಂಟೆ ಆಯ್ತು. ರೀಬೂಟ್ ಮಾಡಿದರೆ ಬಂದಿದ್ದು ವಿಂಡೋಸ್ ಎಕ್ಸ್‌ಪಿ! ಅದೇ ಹಸಿರು ಗುಡ್ಡ, ಅದೇ ನೀಲಿ ಆಕಾಶ.

ಆ ಕ್ಷಣದಲ್ಲಿ ಕೈ ಕಟ್ಟಿ ಕೂತಿದ್ದರೆ ಏನೂ ಹೋಗ್ತಿರಲಿಲ್ಲ. ನಾನು ಯೋಚನೆ ಮಾಡಿದೆ, ಆದರೆ ಅರ್ಧಕ್ಕೇ ನಿಲ್ಲಿಸಿದೆ, ಅದೇ ತಪ್ಪಾಗಿದ್ದು. 'ಎಕ್ಸ್‌ಪಿ ಹಾಗೇ ಇದೆ ಅಂದ್ರೆ ಹಳೇ ಡಿಸ್ಕ್ ಎಸ್‌ಡಿಎ ಅಲ್ಲ, ಎಸ್‌ಡಿಬಿ' ಅಂತ ಸರಿಯಾಗೇ ಊಹಿಸಿದೆ. ಹಾಗಾದರೆ ಮೊದಲ ಸಲ ಅಳಿಸಿದ್ದು ಯಾವುದನ್ನ ಅನ್ನೋ ಪ್ರಶ್ನೆ ಮಾತ್ರ ತಲೆಗೆ ಬರಲೇ ಇಲ್ಲ. ಮತ್ತೆ ಇನ್‌ಸ್ಟಾಲ್ ಮಾಡಿದೆ, ಈ ಸಲ ಎಸ್‌ಡಿಬಿ. ಬ್ಯಾಕಪ್ಪೂ ಹೋಯ್ತು, ಮೂಲವೂ ಹೋಯ್ತು. ಕಪ್ಪು ಪರದೆಯ ಮೇಲೆ ಲಾಗಿನ್ ಅಂತ ಬಂದಾಗ ಖುಷಿಯಿಂದ ಅಪ್ಪನನ್ನು ಕರೆದು ತೋರಿಸಿದ್ದೆ ಬೇರೆ. ಅವರು ನೋಡಿ, "ಕೆಟ್ಟೋಯ್ತೇನೋ ತಮಾ?" ಅಂದರು.

ಎರಡೂ ಡಿಸ್ಕನ್ನು ಬೆಂಗಳೂರಿಗೆ ತಂದು, ಅಳಿಸಿಹೋದ ಫೈಲ್ ಹುಡುಕಿ ತೆಗೆಯೋ ಫೋಟೋರೆಕ್ ಓಡಿಸಿದೆ. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಡಿಸ್ಕಿನ ಸಣ್ಣ ಮೂಲೆಯಲ್ಲಿ ಮಾತ್ರ ಬರೆಯುತ್ತೆ, ಉಳಿದ ಜಾಗದ ಹಳೇ ಡೇಟಾ ಮೇಲ್ನೋಟಕ್ಕೆ ಕಾಣದಿದ್ದರೂ ಹಾಗೇ ಇರುತ್ತೆ. ಹಾಗಾಗಿ ಬಹಳಷ್ಟು ಸಿಕ್ಕಿತು, ಆದರೆ ಒಂದಕ್ಕೂ ಹೆಸರಿಲ್ಲ. ಫೋಟೋರೆಕ್ ಫೈಲಿಗೆ 'ಎಫ್' ಅಕ್ಷರದ ಮುಂದೆ ಡಿಸ್ಕಿನಲ್ಲಿ ಅದಿದ್ದ ಜಾಗದ (ಸೆಕ್ಟರ್) ನಂಬರ್ ಸೇರಿಸಿ ಹೆಸರಿಡುತ್ತೆ. ಸಾವಿರಾರು ಫೈಲನ್ನು ಒಂದೊಂದಾಗಿ ತೆರೆದು ನೋಡಬೇಕು. ಅದರಲ್ಲೂ ನುಡಿ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅಪ್ಪನ ಫೈಲೆಲ್ಲ ಕಲಸುಮೇಲೋಗರದ ಇಂಗ್ಲಿಷ್ ಅಕ್ಷರ. ವಂಶಾವಳಿ ಸಿಕ್ಕಿತು. ಮದುವೆ ಫೋಟೊ ಅರ್ಧ ಸಿಕ್ಕಿಲ್ಲ, ತಂಗಿ ಈಗಲೂ ಎತ್ತಿ ಆಡ್ತಾಳೆ.

ಈಗ ನಿಮ್ಮ ವಿಷಯ. 'ಎಲ್ಲಕ್ಕಿಂತ ಹಗುರ' ಅನ್ನೋದು ಬಿಡಿ, ಏನಕ್ಕೆ ಬೇಕು ಅಂತ ಮೊದಲು ಹೇಳಿಕೊಳ್ಳಿ. ಕಮಾಂಡ್ ಕಲಿಯೋಕೆ, ಪೈಥಾನ್ ಬರೆಯೋಕೆ ಆದರೆ ಧಾರಾಳವಾಗಿ ಹಾಕಿ. ಹಗಲೂ ರಾತ್ರಿ ಸರ್ವರ್ ಮಾಡ್ತೀನಿ ಅಂದ್ರೆ ಬೇಡ. ಈ ಕಾಲದ ಡಬ್ಬಿ 100 ವ್ಯಾಟ್ ಎಳೆದರೆ ತಿಂಗಳಿಗೆ 72 ಯೂನಿಟ್, ಗೃಹಜ್ಯೋತಿ ಲೆಕ್ಕ ತಪ್ಪಿದರೆ ಮನೇಲಿ ಯಾರು ಬೈಸಿಕೊಳ್ತಾರೆ? ಕನ್ನಡ ಬರೆಯೋಕೆ ಅಂದ್ರೂ ಬೇಡ. ಲಿನಕ್ಸಿನ ಬರೀ ಕಮಾಂಡ್ ಲೈನ್ ಪರದೆ (ಕನ್ಸೋಲ್) ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರರೂಪ ಇಟ್ಟುಕೊಳ್ಳುತ್ತೆ, ಒತ್ತಕ್ಷರ ಕೂಡಿಸೋದು ಅದಕ್ಕೆ ಬರಲ್ಲ. ಕನ್ನಡ ಫೈಲನ್ನು 'ಕ್ಯಾಟ್' ಕಮಾಂಡ್ ಕೊಟ್ಟು ತೋರಿಸಿದರೆ ಸಾಲು ಸಾಲು ಚೌಕ ಕಾಣುತ್ತೆ.

ಹಾಕಲೇಬೇಕು ಅಂದ್ರೆ, ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಪೆಂಟಿಯಮ್ 4ರಲ್ಲಿ ಕೊನೆಕೊನೆಯ ಕೆಲವು ಮಾತ್ರ 64 ಬಿಟ್. ಯಾವುದಾದರೂ 32 ಬಿಟ್ ಲೈವ್ ಸಿಡಿಯಲ್ಲಿ (ಇನ್‌ಸ್ಟಾಲ್ ಮಾಡದೇ ಸಿಡಿಯಿಂದಲೇ ಓಡೋ ಲಿನಕ್ಸ್) ಪ್ರೊಸೆಸರ್ ವಿವರ ತೋರಿಸೋ ಕಮಾಂಡ್ 'ಎಲ್ಎಸ್‌ಸಿಪಿಯು' ಕೊಟ್ಟು ನೋಡಿ. ಬರೀ 32 ಅಂತ ಬಂದರೆ ಡೆಬಿಯನ್ 12 ಅಥವಾ ಆಲ್ಪೈನ್. ಡೆಬಿಯನ್‌ನಲ್ಲಿ ಏನೇನು ಬೇಕು ಅಂತ ಕೇಳೋ ಪರದೆಯಲ್ಲಿ ಡೆಸ್ಕ್‌ಟಾಪ್‌ಗೆ ಮೊದಲೇ ಗುರುತು ಬಿದ್ದಿರುತ್ತೆ. ಸ್ಪೇಸ್ ಒತ್ತಿ ತೆಗೀರಿ, ಎಂಟರ್ ಒತ್ತಿದಿರೋ ಅದು ಮುಂದಕ್ಕೆ ಹೋಗಿಬಿಡುತ್ತೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಿರುತ್ತೆ, ಆಗ ಡೆಬಿಯನ್‌ನಲ್ಲಿ ತಂತ್ರಾಂಶ ಹಾಕೋ 'ಆಪ್ಟ್' ಅಪ್‌ಡೇಟ್ ಮಾಡೋಕೇ ಒಪ್ಪಲ್ಲ. ಸೆಲ್ ಬದಲಿಸಿ.

ಸೆಲ್ ಬದಲಿಸೋಕೆ ಹೇಗೂ ಕ್ಯಾಬಿನೆಟ್ ಬಿಚ್ಚುತ್ತೀರಲ್ಲ, ಲಿನಕ್ಸ್ ಹಾಕೋ ಡಿಸ್ಕ್ ಒಂದನ್ನು ಬಿಟ್ಟು ಉಳಿದದ್ದರ ಕೇಬಲ್ ಕಿತ್ತಿಡಿ. ಕೇಬಲ್ ಕಿತ್ತಿಟ್ಟಿದ್ದರ ಫೋಟೊ ಇಲ್ಲಿ ಕಾಮೆಂಟಿನಲ್ಲಿ ಹಾಕಿ, ಆಮೇಲೆ ಯಾವ ಡಿಸ್ಟ್ರೋ (ಲಿನಕ್ಸ್ ಬಗೆ) ಅಂತ ಮಾತಾಡೋಣ.